ಕ್ರಿಲ್ ಹಿಡಿಯುವುದಕ್ಕೆ ಕಡಿವಾಣ: ಒಟ್ಟು ಮಿತಿಯೋ, ಉಪವಲಯ ಹಂಚಿಕೆಯೋ, ಕರಾವಳಿ ನಿಷೇಧವೋ?
ಅಂಟಾರ್ಕ್ಟಿಕದ ವಲಯ 48ರಲ್ಲಿ (ದಕ್ಷಿಣ ಸಾಗರದ ಅಟ್ಲಾಂಟಿಕ್ ಭಾಗ) ಹಿಡಿದ ಕ್ರಿಲ್, ಅಂದರೆ ಸೀಗಡಿಯಂಥ ಪುಟ್ಟ ಜೀವಿ, 6,20,000 ಟನ್ ಮುಟ್ಟಿದರೆ ಆ ಋತುವಿನ ಕ್ರಿಲ್ ಮೀನುಗಾರಿಕೆ ಮುಗಿದಂತೆ. ಜಾರಿಗೆ ಈ ಒಟ್ಟು ಮಿತಿಯೇ ಸುಲಭ. ಹಡಗುಗಳ ವರದಿ ಕೂಡಿಸುತ್ತ ಹೋದರಾಯಿತು. ಆದರೆ ಮಿತಿಯೊಳಗಿದ್ದೂ ಎಲ್ಲ ಹಡಗುಗಳು ಒಂದೇ ಜಲಸಂಧಿಗೆ ಮುಗಿಬೀಳಬಹುದು. ಮರಿಯಿರುವ ಪೆಂಗ್ವಿನ್‌ಗೆ ಸಾಗರದ ಒಟ್ಟು ಕ್ರಿಲ್‌ನಿಂದ ಪ್ರಯೋಜನವಿಲ್ಲ, ಗೂಡಿನಿಂದ ಈಜಿ ಮರಳುವಷ್ಟು ದೂರದಲ್ಲಿ ಸಿಗಬೇಕು.

ಉಪವಲಯ ಹಂಚಿಕೆ ಈ ದಟ್ಟಣೆಯನ್ನು ತಡೆಯುತ್ತದೆ. ಅಂಟಾರ್ಕ್ಟಿಕ ಪರ್ಯಾಯ ದ್ವೀಪದ ಸುತ್ತಲಿನ ಉಪವಲಯ 48.1ಕ್ಕೆ ಒಟ್ಟು ಮಿತಿಯಲ್ಲಿ 1,55,000 ಟನ್ ಪಾಲಿತ್ತು. 2024ರಲ್ಲಿ ಅಂಟಾರ್ಕ್ಟಿಕದ ಸಮುದ್ರಜೀವಿ ಸಂರಕ್ಷಣಾ ಆಯೋಗದ ಸದಸ್ಯ ದೇಶಗಳು ಒಮ್ಮತಕ್ಕೆ ಬಾರದೆ ಆ ನಿಯಮ ಬಿದ್ದುಹೋಯಿತು. ಅದರ ದೋಷವೂ ಸಣ್ಣದಲ್ಲ: ಪಾಲು ಸ್ಥಿರ, ಕ್ರಿಲ್ ಅಲ್ಲ. ಮರಿ ಕ್ರಿಲ್ ಚಳಿಗಾಲದಲ್ಲಿ ಮಂಜುಗಡ್ಡೆಯಡಿಯ ಪಾಚಿಯನ್ನು ನೆಚ್ಚಿಕೊಂಡಿರುತ್ತದೆ. ಗಡ್ಡೆ ತೆಳುವಾದ ವರ್ಷಗಳ ನಂತರ ಹಳೆಯ ಪಾಲೇ ಅತಿಯಾಗಬಹುದು.

ಮರಿ ಸಾಕುವ ತಿಂಗಳುಗಳಲ್ಲಿ ಕರಾವಳಿ ಮುಚ್ಚಿದರೆ ಪೆಂಗ್ವಿನ್‌ಗೆ ನೇರ ರಕ್ಷಣೆ. ತಿಮಿಂಗಿಲಗಳಿಗೆ ಅಷ್ಟಿಲ್ಲ, ಅವು ಶರತ್ಕಾಲದಲ್ಲೂ ಅಲ್ಲೇ ಮೇಯುತ್ತವೆ, ಹಡಗುಗಳ ಭರಾಟೆಯೂ ಆಗಲೇ.

ಶಬ್ದತರಂಗದಿಂದ ಕ್ರಿಲ್ ಪ್ರಮಾಣ ಅಳೆಯುವ ಸಮೀಕ್ಷೆ ನಿಯಮಿತವಾಗಿ ನಡೆಯುವ ಕಡೆ ಪಾಲನ್ನು ಅದಕ್ಕೆ ತಕ್ಕಂತೆ ಏರಿಳಿಸುವ ಹಂಚಿಕೆ ಒಳ್ಳೆಯದು. ಸಮೀಕ್ಷೆಯಿಲ್ಲದ ಕಡೆ ಚಿಕ್ಕ ಪಾಲೇ ಇರಲಿ. ಗೂಡುಗಳ ಪಕ್ಕದಲ್ಲೇ ಬಲೆ ಬೀಳುತ್ತಿದ್ದರೆ ಋತು ನಿಷೇಧವನ್ನೂ ಸೇರಿಸಬೇಕು. ಒಟ್ಟು ಮಿತಿಯೊಂದೇ ಸಾಕಾಗುವುದು ಹಡಗುಗಳು ತಾವಾಗಿಯೇ ಚದುರಿದಾಗ ಮಾತ್ರ.