ಬರಿ ಬೆರಳು, ಸ್ವಂತ ಉಗುರು, ಅಕ್ರಿಲಿಕ್, ಪಿಕ್: ಫಿಂಗರ್‌ಸ್ಟೈಲ್‌ಗೆ ಯಾವುದು?

ದೊಡ್ಡವರಾದ ಮೇಲೆ ಗಿಟಾರ್ ಹಿಡಿದರೆ ಎಡಗೈ ಬೆರಳು ನೋಯುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಅದು ಕೆಲವು ವಾರಗಳ ಮಾತು, ತುದಿ ಗಟ್ಟಿಯಾದರೆ ಮುಗಿಯಿತು. ಬಲಗೈ ಬೆರಳುಗಳಿಂದ ಒಂದೊಂದೇ ತಂತಿ ಮೀಟುವ ಫಿಂಗರ್‌ಸ್ಟೈಲ್‌ನಲ್ಲಿ ಆ ಕೈಯ ಉಗುರಿನ ಕಥೆ ಹಾಗಲ್ಲ, ನುಡಿಸುವಷ್ಟು ಕಾಲವೂ ಅದು ಬೆನ್ನಿಗೇ ಇರುತ್ತದೆ. ಸಾಲದ್ದಕ್ಕೆ ನಮ್ಮಂಥವರ ಕೈ ಸುಮ್ನೆ ಕೂರುವುದೂ ಇಲ್ಲ. ಪಾತ್ರೆ ತೊಳೆಯಬೇಕು, ಕೀಬೋರ್ಡ್ ಕುಟ್ಟಬೇಕು, ಗಂಟು ಬಿದ್ದ ಶೂ ಲೇಸ್ ಬಿಚ್ಚಬೇಕು. ಹಾಗಾಗಿ ವೇದಿಕೆ ಕಲಾವಿದರ ಸಲಹೆ ನಮಗೆ ಪೂರ್ತಿ ಹೊಂದುವುದಿಲ್ಲ.

ನನ್ನ ಹತ್ತಿರ ನೈಲಾನ್ ತಂತಿಯದೊಂದು, ಸ್ಟೀಲ್ ತಂತಿಯದೊಂದು ಗಿಟಾರ್ ಇದೆ. ಎರಡರ ಮೇಲೂ ಎಲ್ಲ ಥರ ನುಡಿಸಿ ನೋಡಿದೆ. ನೈಲಾನ್ ಮೇಲೆ ಗೆದ್ದದ್ದು ಸ್ವಂತ ಉಗುರು, ಅದೂ ಗಿಡ್ಡ ಉಗುರು. ಸ್ಟೀಲ್‌ಗೆ ಉತ್ತರ ಅಷ್ಟು ನೇರವಾಗಿಲ್ಲ.

ಮೊದಲು ಬರಿ ಬೆರಳು. ಉಗುರು ಪೂರ್ತಿ ಕತ್ತರಿಸಿ ಬೆರಳ ತುದಿಯಿಂದಲೇ ಮೀಟುವುದು. ನಾದ ದುಂಡಗೆ, ಮೆತ್ತಗೆ ಬರುತ್ತದೆ. ತಂತಿ ಎಲ್ಲಿದೆ ಅನ್ನುವುದು ಬೆರಳಿಗೇ ತಿಳಿಯುತ್ತದೆ, ಕಲಿಯುವವರಿಗೆ ಇದು ದೊಡ್ಡ ಲಾಭ. ಆದರೆ ಸದ್ದು ಕಡಿಮೆ. ಸ್ಟೀಲ್ ಗಿಟಾರಿನ ಸಣ್ಣ ತಂತಿಗಳಲ್ಲಿ ರಾಗ ನುಡಿಸಿದರೆ, ಹೆಬ್ಬೆರಳು ದಪ್ಪ ತಂತಿಗಳಲ್ಲಿ ನುಡಿಸುವ ಬೇಸ್ ಅದನ್ನು ಮುಚ್ಚಿಹಾಕುತ್ತದೆ. ಉಗುರೇ ಬೇಡ ಅನ್ನುವವರು ಸಾಮಾನ್ಯವಾಗಿ 19ನೇ ಶತಮಾನದ ಸ್ಪೇನ್ ಗಿಟಾರ್ ವಾದಕರಾದ ಫರ್ನಾಂಡೊ ಸೋರ್, ಫ್ರಾನ್ಸಿಸ್ಕೊ ಟಾರೆಗಾ ಅವರ ಹೆಸರು ತರುತ್ತಾರೆ. ಸೋರ್ ಬೆರಳಿನಿಂದ ನುಡಿಸುತ್ತಿದ್ದದ್ದು ನಿಜ, ಟಾರೆಗಾ ಕೊನೆಯ ವರ್ಷಗಳಲ್ಲಿ ಉಗುರು ಬಿಟ್ಟದ್ದೂ ನಿಜ. ಆದರೆ ಸೋರ್ ಅವರ ಗೆಳೆಯ ಡಿಯೊನಿಸಿಯೊ ಅಗ್ವಾಡೊ ಉಗುರಿನ ಪಕ್ಷ. ಅಲ್ಲದೆ ಅವರ ಕಾಲದ್ದು ಪ್ರಾಣಿಗಳ ಕರುಳಿನಿಂದ ಮಾಡಿದ ತಂತಿ. ಗಿಟಾರಿಗೆ ನೈಲಾನ್ ಬಂದದ್ದು 1940ರ ದಶಕದಲ್ಲಿ. ನುಣುಪಾದ ನೈಲಾನ್ ಮೇಲೆ ಬೆರಳಿಗೆ ಅದೇ ಹಿಡಿತ ಸಿಗಬೇಕು ಅಂದರೆ ಹೇಗೆ?

ಇನ್ನು ಸ್ವಂತ ಉಗುರು. ಉದ್ದ ಬೆಳೆಸಿದಷ್ಟೂ ಒಳ್ಳೆಯದು ಅನ್ನುವುದು ಸುಳ್ಳು. ಅಂಗೈ ಕಡೆಯಿಂದ ನೋಡಿದರೆ ಬೆರಳ ತುದಿಯ ಆಚೆ ಒಂದು, ಹೆಚ್ಚೆಂದರೆ ಎರಡು ಮಿಲಿಮೀಟರ್ ಕಾಣಬೇಕು, ಅಷ್ಟೇ. ತಂತಿ ಮೊದಲು ಚರ್ಮಕ್ಕೆ ತಾಗಿ, ಉಗುರಿನ ಅಂಚಿನ ಮೇಲೆ ಜಾರಿ ಬಿಡುಗಡೆಯಾಗಬೇಕು. ಹಾಗಾದಾಗ ಬರುವ ನಾದವನ್ನು ನಾನು ನೋಡಿದ ಬೇರೆ ಯಾವುದೂ ಕೊಡಲಿಲ್ಲ. ಮೆತ್ತಗೂ ನುಡಿಸಬಹುದು, ಬೆರಳ ಕೋನ ಸ್ವಲ್ಪ ತಿರುಗಿಸಿದರೆ ಚೂಪಾಗಿಯೂ ನುಡಿಸಬಹುದು.

ಇಲ್ಲಿ ಎಲ್ಲವೂ ನಿಂತಿರುವುದು ಅಂಚಿನ ನುಣುಪಿನ ಮೇಲೆ. ನೇಲ್ ಕಟರ್ ಉಗುರನ್ನು ಚಪ್ಪಟೆಯಾಗಿ ಒತ್ತಿ ಕತ್ತರಿಸುತ್ತದೆ, ಬಿರುಕು ಶುರುವಾಗುವುದು ಅಲ್ಲೇ. ಬದಲಿಗೆ ಗಾಜಿನ ಫೈಲ್‌ನಲ್ಲಿ ಆಕಾರ ಕೊಟ್ಟು, 1000 ಮತ್ತು 2000 ನಂಬರಿನ, ಅಂದರೆ ತುಂಬ ನುಣ್ಣನೆಯ, ಸ್ಯಾಂಡ್ ಪೇಪರ್‌ನಲ್ಲಿ ಅಂಚನ್ನೂ ಒಳಭಾಗವನ್ನೂ ಉಜ್ಜಬೇಕು. ಒಂದು ಉಪಾಯ ಇದೆ. ನುಣ್ಣನೆಯ ಸ್ಯಾಂಡ್ ಪೇಪರಿನ ಸಣ್ಣ ಪಟ್ಟಿಯನ್ನು, ಒರಟು ಬದಿ ಮೇಲೆ ಬರುವಂತೆ, ಮೊದಲ ತಂತಿಯ ಮೇಲೆ ಮಡಚಿ ಹಿಡಿದು ಮಾಮೂಲಿನಂತೆ ಮೀಟಿ. ನಿಮ್ಮ ಕೈಯಲ್ಲಿ ತಂತಿ ಎಲ್ಲಿ ಹಾದು ಹೋಗುತ್ತದೋ ಸರಿಯಾಗಿ ಅಲ್ಲೇ ಉಗುರು ಸವೆಯುತ್ತದೆ. ಪುಸ್ತಕದ ಆಕಾರಕ್ಕಿಂತ ಇದು ಎಷ್ಟೋ ಮೇಲು. ಆಮೇಲೆ ಪೇಪರ್ ತೆಗೆದು ಮೀಟಿದರೆ ಅಲ್ಲಿಯತನಕ ಕೇಳುತ್ತಿದ್ದ ಆ ಸಣ್ಣ ‘ಚರ್’ ಸದ್ದು ಹೋಗಿರುತ್ತದೆ.

ಸ್ವಂತ ಉಗುರಿನ ಶತ್ರು ನೀರು. ನೆನೆದಾಗ ಉಬ್ಬಿ ಮೆತ್ತಗಾಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಹೀಗೇ ನಡೆದರೆ ಪದರ ಪದರವಾಗಿ ಏಳುತ್ತದೆ. ಪಾತ್ರೆಗೆ ಗ್ಲೌಸ್, ರಾತ್ರಿ ಒಂದು ಹನಿ ಎಣ್ಣೆ, ಒದ್ದೆ ಉಗುರಿಗೆ ಫೈಲ್ ಮುಟ್ಟಿಸಬಾರದು. ಕೈಯುಗುರು ಬೆಳೆಯುವುದೇ ತಿಂಗಳಿಗೆ ಸುಮಾರು 3 ಮಿಲಿಮೀಟರ್, ಮುರಿದರೆ ವಾರಗಟ್ಟಲೆ ಕಾಯಬೇಕು. ಉಗುರು ಗಟ್ಟಿಯಾಗಲಿ ಅಂತ ಬಯೋಟಿನ್ ಅನ್ನುವ ವಿಟಮಿನ್ ಮಾತ್ರೆ ನುಂಗುವವರೂ ಇದ್ದಾರೆ. ಅದು ಕೆಲವು ರಕ್ತ ಪರೀಕ್ಷೆಗಳ ಫಲಿತಾಂಶವನ್ನೇ ಏರುಪೇರು ಮಾಡುತ್ತದೆ ಅಂತ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ಆ ದಾರಿಗೆ ನಾನು ಹೋಗಲಿಲ್ಲ.

ಸ್ಟೀಲ್ ತಂತಿಯ ಮುಂದೆ ಸ್ವಂತ ಉಗುರು ಸೋಲುತ್ತದೆ. ದಿನಾ ಒಂದು ಗಂಟೆ ನುಡಿಸಿದರೆ ಅಂಚಿನಲ್ಲಿ ಗರಗಸದ ಹಲ್ಲಿನಂಥ ಕಚ್ಚು ಬೀಳುತ್ತದೆ. ಹಾಗಾಗಿಯೇ ಪಾರ್ಲರ್‌ನಲ್ಲಿ ಉಗುರಿನ ಮೇಲೆ ಕೂರಿಸುವ ಗಟ್ಟಿ ಕೃತಕ ಉಗುರು, ಅಂದರೆ ಅಕ್ರಿಲಿಕ್, ಹಾಕಿಸಿದ್ದು. ಸದ್ದು ಜೋರು, ಸ್ಪಷ್ಟ, ಮುರಿಯುವ ಭಯ ಇಲ್ಲ. ಆದರೆ ಪಾರ್ಲರ್‌ನವರಿಗೆ ಉಗುರು ಅಂದರೆ ಚೆಂದ. ದಪ್ಪಗೆ ಹಾಕಿಬಿಡುತ್ತಾರೆ, ಪ್ರತಿ ಸ್ವರಕ್ಕೂ ‘ಟಕ್’ ಅನ್ನುತ್ತದೆ. ತೆಳ್ಳಗೆ ಬೇಕು, ಗಿಡ್ಡ ಬೇಕು ಅಂತ ಕೂತು ಹೇಳಿ ಮಾಡಿಸಬೇಕು. ಎರಡು-ಮೂರು ವಾರಕ್ಕೆ ಬುಡದಲ್ಲಿ ಅಂತರ ಬೀಳುತ್ತದೆ, ಮತ್ತೆ ತುಂಬಿಸಬೇಕು. ಎಲ್ಲಾದರೂ ಅಕ್ರಿಲಿಕ್ ಎದ್ದು ಒಳಗೆ ನೀರು ನಿಂತರೆ ಸೋಂಕು ತಗುಲಬಹುದು. ತೆಗೆದಾಗ ಕೆಳಗಿನ ಉಗುರು ಕಾಗದದಷ್ಟು ತೆಳ್ಳಗಾಗಿತ್ತು, ಒತ್ತಿದರೆ ಬಾಗುತ್ತಿತ್ತು. ಅದು ಬೆಳೆದು ಹೋಗುವವರೆಗೆ ಸ್ವಂತ ಉಗುರಿನಲ್ಲಿ ನುಡಿಸುವ ಮಾತೇ ಇಲ್ಲ. ಯುವಿ ಲೈಟ್‌ನಲ್ಲಿ ಒಣಗಿಸುವ ಜೆಲ್ ನೋಡಲು ಸೊಗಸು, ನನ್ನ ಸ್ಟೀಲ್ ತಂತಿಗೆ ಬೇಗ ಕಿತ್ತು ಬಂತು. ಜೆಲ್ ಆಗಲಿ ಅಕ್ರಿಲಿಕ್ ಆಗಲಿ ಕೆಲವರಿಗೆ ಅಲರ್ಜಿ ತರುತ್ತದೆ, ಬೆರಳು ತುರಿಸಿದರೆ ನಿಲ್ಲಿಸಿಬಿಡಿ.

ಸೂಪರ್ ಗ್ಲೂ ಹಚ್ಚಿ ಮೇಲೆ ಅಡುಗೆ ಸೋಡಾ ಉದುರಿಸುವ ಮನೆ ವಿಧಾನವೂ ಇದೆ. ತಟ್ಟನೆ ಕಲ್ಲಾಗುತ್ತದೆ, ಬಿಸಿಯೂ ಆಗುತ್ತದೆ, ಜಾಸ್ತಿ ಹಾಕಿದರೆ ಸುಡುತ್ತದೆ. ಇಡೀ ಉಗುರಿಗೆ ಬೇಡ. ಬಿರುಕು ಬಿಟ್ಟ ಕಡೆ ಟಿಶ್ಯೂ ಪೇಪರ್ ತುಣುಕಿಟ್ಟು ಒಂದು ಹನಿ ಗ್ಲೂ ಹಚ್ಚಿದರೆ ಸಾಕು, ಉಗುರು ಬೆಳೆಯುವವರೆಗೆ ಸಂಭಾಳಿಸಬಹುದು. ಹತ್ತಿಯಿಂದ ಮಾತ್ರ ಒರೆಸಬೇಡಿ, ಈ ಅಂಟು ಹತ್ತಿಗೆ ತಾಗಿದರೆ ವಿಪರೀತ ಬಿಸಿಯಾಗುತ್ತದೆ.

ಪಿಕ್‌ಗಳ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. ಬೆರಳಿಗೆ ಹಾಕುವ ಲೋಹದ ಪಿಕ್ ಬ್ಯಾಂಜೊಗೆ ಸರಿ, ನನ್ನ ಗಿಟಾರಿನಲ್ಲಿ ಬರೀ ಕರಕರ. ಹೆಬ್ಬೆರಳಿನ ಪ್ಲಾಸ್ಟಿಕ್ ಥಂಬ್ ಪಿಕ್ ಮಾತ್ರ ಬೇರೆ. ಬೇಸ್ ತಂತಿಗಳನ್ನು ಒಂದು ಬಿಟ್ಟು ಒಂದು ನಡೆಸುವಾಗ ಎಷ್ಟು ಸ್ಪಷ್ಟ ಅಂದರೆ, ಹೆಬ್ಬೆರಳಿನ ಉಗುರು ಬೆಳೆಸುವ ಗೋಜೇ ಬೇಡ. ಸಡಿಲವಾದರೆ ತಿರುಗುತ್ತದೆ, ಬಿಗಿಯಾದರೆ ಬೆರಳು ನೋಯುತ್ತದೆ. ಹಾಗಾಗಿ ಅಳತೆ ನೋಡಿ ತೆಗೆದುಕೊಳ್ಳಿ.

ಸ್ಟೀಲ್ ಗಿಟಾರಿಗೆ ಸದ್ಯ ನಾನು ಥಂಬ್ ಪಿಕ್ ಹಾಕಿ, ತೋರುಬೆರಳು, ನಡುಬೆರಳಿಗೆ ಗಿಡ್ಡ ಸ್ವಂತ ಉಗುರೇ ಇಟ್ಟುಕೊಂಡಿದ್ದೇನೆ. ಬೇಗ ಸವೆಯುವ ಉಂಗುರಬೆರಳಿಗೆ ಮಾತ್ರ ತೆಳು ಅಕ್ರಿಲಿಕ್. ಮೂರು ಬೆರಳಿನ ನಾದ ಒಂದೇ ಥರ ಇಲ್ಲ, ಉಂಗುರಬೆರಳಿನದು ಸ್ವಲ್ಪ ಚೂಪು. ರಾಗ ಹೆಚ್ಚಾಗಿ ಆ ಬೆರಳಿನಲ್ಲೇ ಬರುವುದರಿಂದ ನನಗೆ ಅದು ಅನುಕೂಲವೇ. ಮೂರೂ ಬೆರಳಲ್ಲಿ ಒಂದೇ ನಾದ ಬೇಕು ಅನ್ನುವವರಿಗೆ ಈ ಏರ್ಪಾಡು ಹಿಡಿಸಲಿಕ್ಕಿಲ್ಲ.