ತಿರುಗುವ ಟೋರಿಕ್ ಲೆನ್ಸೋ, ಒಂದೇ ಸಲದ ಲೇಸರೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಲೇಸರ್‌ಗೆ. ಆರು ವರ್ಷ ಟೋರಿಕ್ ಲೆನ್ಸ್, ಅಂದರೆ ಸಿಲಿಂಡರ್ ಪವರ್ ಇರುವವರ ಕಾಂಟ್ಯಾಕ್ಟ್ ಲೆನ್ಸ್, ಹಾಕಿ ಸಾಕಾಗಿ, ಹೋದ ವರ್ಷ ಪಿಆರ್‌ಕೆ ಅನ್ನುವ ಲೇಸರ್ ಚಿಕಿತ್ಸೆ ಮಾಡಿಸಿಕೊಂಡೆ.

ಟೋರಿಕ್ ಲೆನ್ಸ್ ಕೆಟ್ಟದ್ದೇನಲ್ಲ. ಆದರೆ ಅದು ತಿರುಗುತ್ತದೆ. ಬರೀ ಮೈನಸ್ ಪವರ್ ಇರುವವರಿಗೆ ಲೆನ್ಸ್ ಕಣ್ಣೊಳಗೆ ಹೇಗೆ ತಿರುಗಿದರೂ ಚಿಂತೆಯಿಲ್ಲ. ಸಿಲಿಂಡರ್ ಪವರ್ ಇರುವ ನಮ್ಮಂಥವರ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ) ಚೆಂಡಿನ ಹಾಗೆ ಗುಂಡಗಿರಲ್ಲ, ಒಂದು ದಿಕ್ಕಿಗೆ ಜಾಸ್ತಿ ಬಾಗಿರುತ್ತದೆ. ಚೀಟಿಯಲ್ಲಿ ಆಕ್ಸಿಸ್ ಅಂತ ಬರೆಯುವ ಡಿಗ್ರಿ ಅದೇ. ಲೆನ್ಸೂ ಅದಕ್ಕೆ ಸರಿಯಾಗಿ ಕೂರಬೇಕು. 10 ಡಿಗ್ರಿ ಜರುಗಿದರೆ ಸಿಲಿಂಡರ್‌ನ ಮೂರರಲ್ಲೊಂದು ಪಾಲು ಕೆಲಸ ಹೋಯಿತು. 30 ಡಿಗ್ರಿ ಜರುಗಿದರೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.

ನನಗೋ ಮಗ್ಗುಲಾಗಿ ಮಲಗಿ ಓದುವ ಚಟ. ಐದು ನಿಮಿಷಕ್ಕೆಲ್ಲ ಅಕ್ಷರಗಳಿಗೆ ನೆರಳು ಹುಟ್ಟುತ್ತಿತ್ತು. ಪ ಯಾವುದು, ಷ ಯಾವುದು ಗೊತ್ತಾಗದು. ಎದ್ದು ಕೂತು ಪಟಪಟ ಕಣ್ಣು ಮಿಟುಕಿಸಬೇಕು, ಲೆನ್ಸ್ ಜಾಗಕ್ಕೆ ಬಂತು ಅನ್ನಿಸಿದ ಮೇಲೆ ಮತ್ತೆ ಮಲಗಬೇಕು. ಲೆನ್ಸಿನ ಕೆಳಗಿನ ಸಣ್ಣ ಗೆರೆ ಗಡಿಯಾರದ ಆರರ ಜಾಗದಲ್ಲೇ ಇದೆಯಾ ಅಂತ ಕನ್ನಡಿ ಮುಂದೆ ಹುಡುಕಿದ್ದು ಎಷ್ಟು ಸಲವೋ! ಬ್ರಾಂಡ್ ಬದಲಿಸಿದೆ. ಐದು ನಿಮಿಷ ಹತ್ತಾಯಿತು, ಅಷ್ಟೇ.

ಕನ್ನಡಕ? ನೋಟ ಚೆನ್ನಾಗಿತ್ತು. ಮಲಗಿದರೆ ಕಿವಿ ನೋಯುತ್ತಿತ್ತು.

ತಮಾಷೆ ಅಂದರೆ, ತಿರುಗುವ ಕಾಟ ಲೇಸರ್‌ನಲ್ಲೂ ಇದೆ. ಅಂಗಾತ ಮಲಗಿದಾಗ ಕಣ್ಣುಗುಡ್ಡೆಯೇ ಕೆಲವು ಡಿಗ್ರಿ ತಿರುಗಬಹುದು. ಅದಕ್ಕೇ ನನ್ನನ್ನು ನೆಟ್ಟಗೆ ಕೂರಿಸಿ, ಕಣ್ಣಿನ ಕಪ್ಪು ಬಿಳಿ ಸೇರುವ ಕಡೆ ಇಂಕಿನ ಗುರುತು ಹಾಕಿ, ಆಮೇಲೆ ಮಲಗಿಸಿದರು. ಇರಲಿ, ಅದು ಡಾಕ್ಟರ ತಲೆನೋವು, ಅದೂ ಒಂದೇ ದಿನದ್ದು.

ಅಕ್ಕ ಮಾಡಿಸಿಕೊಂಡಿದ್ದು ಲೇಸಿಕ್. ಕಾರ್ನಿಯಾದ ಮೇಲಿನ ತೆಳು ಪದರವನ್ನು ಮುಚ್ಚಳದ ಹಾಗೆ ಎತ್ತಿ, ಅಡಿಯಲ್ಲಿ ಲೇಸರ್ ಹಾಯಿಸಿ, ಮತ್ತೆ ಮುಚ್ಚಿದರು. ಮಾರನೇ ದಿನ ಆರಾಮಾಗಿ ಪೇಪರ್ ಓದುತ್ತಿದ್ದಳು. ನನ್ನ ಕಾರ್ನಿಯಾ ತೆಳು, ಮುಚ್ಚಳ ಬೇಡ ಅಂದರು. ಪಿಆರ್‌ಕೆಯಲ್ಲಿ ಮೇಲ್ಪೊರೆಯನ್ನೇ ತೆಗೆದುಬಿಡುತ್ತಾರೆ. ಅದು ಮತ್ತೆ ಬೆಳೆಯುವ ತನಕ ಗಾಯ ಕಾಯೋಕೆ ಬ್ಯಾಂಡೇಜ್ ಲೆನ್ಸ್ ಹಾಕುತ್ತಾರೆ. ಮೂರು ದಿನ ಈರುಳ್ಳಿ ಹೆಚ್ಚಿದ ಹಾಗೆ ಉರಿ, ನೀರು. ನೋಟ ತಿಳಿಯಾಗೋಕೆ ತಿಂಗಳೇ ಹಿಡಿಯಿತು. ರಜೆ ಸಿಗದವರು, ಕಾರ್ನಿಯಾ ದಪ್ಪ ಇದ್ದರೆ, ಅಕ್ಕನ ದಾರಿ ಹಿಡಿಯಿರಿ. ಕಣ್ಣು ಒಣಗಿ ಡ್ರಾಪ್ಸ್ ಹಾಕಿಕೊಳ್ಳೋದು ಇಬ್ಬರಿಗೂ ತಪ್ಪಲಿಲ್ಲ. ಪವರ್ ಇನ್ನೂ ಬದಲಾಗುತ್ತಿದ್ದರೆ ಎರಡೂ ಬೇಡ.

ದುಡ್ಡು? ಒಂದೇ ಸಲಕ್ಕೆ ಜಾಸ್ತಿಯೇ. ಎರಡು ವರ್ಷ ಕೂಡಿಟ್ಟೆ. ಆದರೆ ತಿಂಗಳು ತಿಂಗಳು ಹೊಸ ಜೋಡಿ, ಸಲ್ಯೂಷನ್ ಬಾಟಲಿ ಅಂತ ಸುರಿದದ್ದು ನಿಂತಿತಲ್ಲ.

ನಲವತ್ತು ದಾಟಿದ ಮೇಲೆ ಓದೋಕೆ ಕನ್ನಡಕ ಬರುತ್ತದೆ, ಲೇಸರ್ ಅದನ್ನು ತಡೆಯಲ್ಲ ಅಂತ ಡಾಕ್ಟರ್ ಮೊದಲೇ ಹೇಳಿದ್ದಾರೆ. ಹಳೇ ಫ್ರೇಮ್ ಬೀರುವಿನಲ್ಲಿ ಎತ್ತಿಟ್ಟಿದ್ದೇನೆ.