ರಾಯಚೂರಿನ ಬಿಸಿಲಲ್ಲಿ ಹಳೇ ಸಾಗವಾನಿ ಸಾಮಾನು: ವರ್ಷಗಟ್ಟಲೆ ಬಳಸಿದ ಮೇಲೆ

ನಮ್ಮ ಮನೆಯಲ್ಲಿ ಮೂರು ಹಳೇ ಸಾಮಾನುಗಳಿವೆ. ಎರಡು ಬಾಗಿಲಿನ ಸಾಗವಾನಿ ಅಲಮಾರಿ, ಗಂಜ್ ಮಾರುಕಟ್ಟೆಯ ಅಡತಿ ಅಂಗಡಿಯಲ್ಲಿ ಮುನೀಮರು ಗಾದಿ ಮೇಲೆ ಕೂತು ಲೆಕ್ಕ ಬರೆಯುತ್ತಿದ್ದ ಇಳಿಜಾರು ಮುಚ್ಚಳದ ಡೆಸ್ಕು, ಬೆತ್ತದ ಹೆಣಿಗೆ ಇರುವ ಉದ್ದ ಕೈಯ ಆರಾಮ ಕುರ್ಚಿ. ಮೂರನ್ನೂ ರಾಯಚೂರಿನಲ್ಲೇ ಹಳೇ ಸಾಮಾನು ಮಾರುವ ಒಬ್ಬರಿಂದ ಕೊಂಡೆವು. ಹತ್ತಿರ ಹತ್ತಿರ ಹತ್ತು ವರ್ಷದಿಂದ ದಿನಾ ಬಳಸುತ್ತಿದ್ದೇವೆ. ಇಂಥದ್ದನ್ನು ಕೊಳ್ಳಬಹುದಾ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಧಾರಾಳವಾಗಿ ಕೊಳ್ಳಿ, ಆದರೆ ಅಂಗಡಿಯವರು ಪಾಲಿಶ್ ಹೊಡೆಯುವ ಮುಂಚೆ ಕೊಳ್ಳಿ.

ಈ ಸಾಮಾನು ನಮ್ಮ ಕಡೆ ಸಿಗುವುದಕ್ಕೆ ಕಾರಣ ಇದೆ. ಅಣ್ಣತಮ್ಮಂದಿರು ಪಾಲಾಗಿ ಹಳೇ ಮಾಳಿಗೆ ಮನೆ ಕೆಡವಿ ಸ್ಲ್ಯಾಬ್ ಹಾಕಿಸುತ್ತಾರೆ. ತೊಲೆ, ಕಂಬ, ಬಾಗಿಲುವಾಡ ಮೊದಲು ಮಾರಾಟವಾಗುತ್ತವೆ, ಆಮೇಲೆ ಒಳಗಿನ ಪೆಟ್ಟಿಗೆ, ಮಂಚ, ಕುರ್ಚಿ. ರಾಯಚೂರಿಗೆ ರೈಲು ಬಂದದ್ದು 1871ರಲ್ಲಿ. ಮುಂಬೈ ಕಡೆಯ ಹಳಿ, ಮದರಾಸು ಕಡೆಯ ಹಳಿ ಎರಡೂ ಕೂಡಿದ್ದು ಇಲ್ಲೇ. ಎರಡೂ ಕಡೆಯ ಸರಕು ಇಳಿಯಲು ದಾರಿ ಆಗಿದ್ದ ಊರು ಇದು. ಜತೆಗೆ 1948ರ ತನಕ ನಿಜಾಮರ ಆಡಳಿತ, ಅದರ ಕಚೇರಿಗಳು. ಹಾಗಾಗಿ ಒಂದೇ ಅಂಗಡಿಯಲ್ಲಿ ಮೂರು ನಾಲ್ಕು ಬಗೆಯ ಕೈಕೆಲಸ ನೋಡಲು ಸಿಗುತ್ತದೆ, ನನಗಂತೂ ಅಲ್ಲಿ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ.

ಅಲಮಾರಿಗೆ 26,000 ರೂಪಾಯಿ, ಕುರ್ಚಿಗೆ 7,000, ಡೆಸ್ಕಿಗೆ 4,500 ಕೊಟ್ಟೆವು. ಈಗ ದರ ಏರಿದೆ. ಆಗ ಅಲಮಾರಿಯ ದುಡ್ಡಿಗೆ ಶೋರೂಮಿನಲ್ಲಿ ಪುಡಿ ಒತ್ತಿ ಮಾಡಿದ ಹಲಗೆಯ ದೊಡ್ಡ ವಾರ್ಡ್‌ರೋಬೇ ಬರುತ್ತಿತ್ತು. ಅಂಥದ್ದೊಂದು ನಮ್ಮ ಮನೆಯಲ್ಲಿ ಇತ್ತು ಕೂಡ. ಶಾಬಾದ್ ಫರ್ಸಿ, ಅಂದರೆ ಕಲ್ಲಿನ ನೆಲ, ತೊಳೆದ ನೀರು ಕುಡಿದು ಅದರ ಬುಡ ಉಬ್ಬಿತು, ಬಾಗಿಲಿನ ಸ್ಕ್ರೂ ಹಿಡಿಯಲು ಗಟ್ಟಿ ಜಾಗವೇ ಉಳಿಯಲಿಲ್ಲ. ಅದನ್ನು ರಿಪೇರಿ ಮಾಡುವವರೂ ಇಲ್ಲ, ಕೊಳ್ಳುವವರೂ ಇಲ್ಲ.

ಅಲಮಾರಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅದರ ಬಾಗಿಲಿನ ನಡುವಿನ ಹಲಗೆಗೆ ಸರೇಸೂ (ಬಡಿಗೇರರ ಅಂಟು) ಇಲ್ಲ, ಮೊಳೆಯೂ ಇಲ್ಲ. ಸುತ್ತಲಿನ ಚೌಕಟ್ಟಿನಲ್ಲಿ ಉದ್ದಕ್ಕೆ ತೋಡು ಕೊರೆದು ಹಲಗೆಯನ್ನು ಅದರೊಳಗೆ ಸುಮ್ಮನೆ ಕೂಡಿಸಿದ್ದಾರೆ. ಕಟ್ಟಿಗೆ ಉದ್ದಕ್ಕೆ ಹೆಚ್ಚೇನೂ ಕುಗ್ಗುವುದಿಲ್ಲ, ಅಗಲಕ್ಕೆ ಕುಗ್ಗುತ್ತದೆ, ಹಿಗ್ಗುತ್ತದೆ. ಇಲ್ಲಿ ಬಿಸಿಲು 40 ಡಿಗ್ರಿ ದಾಟಿ ಗಾಳಿಯಲ್ಲಿ ತೇವವೇ ಇಲ್ಲದ ಮೇ ತಿಂಗಳಲ್ಲಿ ನಮ್ಮ ಅಲಮಾರಿಯ ಹಲಗೆ ಕುಗ್ಗಿ, ಚೌಕಟ್ಟಿನ ಅಂಚಿಗೆ ನೂಲಿನಷ್ಟು ಅಗಲದ ತಿಳಿ ಗೆರೆ ಮೂಡುತ್ತದೆ. ಅದು ಪಾಲಿಶ್ ತಾಗದೆ ಒಳಗೇ ಉಳಿದ ಭಾಗ. ಮಳೆಗಾಲಕ್ಕೆ ಹಲಗೆ ಹಿಗ್ಗಿ ಗೆರೆ ಒಳಗೆ ಹೋಗುತ್ತದೆ. ವರ್ಷಾ ವರ್ಷಾ ಹೀಗೇ. ಇಷ್ಟು ಓಡಾಟಕ್ಕೆ ಜಾಗ ಬಿಟ್ಟಿದ್ದರಿಂದಲೇ ಒಂದೂ ಬಿರುಕಿಲ್ಲ. ಯಾವ ಊರಿನ ಯಾವ ಬಡಿಗೇರರು ಮಾಡಿದರೋ, ಅವರಿಗೆ ಬೇಸಿಗೆ ಅಂದರೆ ಏನು ಅನ್ನುವುದು ಗೊತ್ತಿತ್ತು. ಆ ಗೆರೆ ನೋಡಿದಾಗಲೆಲ್ಲ ನನಗೆ ಅವರ ಮೇಲೆ ಗೌರವ ಬರುತ್ತದೆ.

ಒಮ್ಮೆ ಕೆಳಗಿನ ಡ್ರಾ ಸಡಿಲಾಯಿತು. ಮೊಳೆ ಹೊಡೆಸೋಣ ಎಂದು ನಮ್ಮ ಮನೆಯವರು ಓಣಿಯ ಬಡಿಗೇರರನ್ನು ಕರೆದು ತಂದರು. ಅವರು ಡ್ರಾ ಹೊರಗೆ ಎಳೆದು, ತಿರುಗಿಸಿ ನೋಡಿ, "ಅಕ್ಕಾರ, ಇದಕ್ಕ ಮೊಳಿ ಹೊಡೀಬ್ಯಾಡ್ರಿ. ಇದು ಬಿಚ್ಚಿ ಕೂಡ್ಸೋ ಸಾಮಾನು ಐತಿ" ಅಂದರು. ಮೂಲೆಯಲ್ಲಿ ಎರಡು ಹಲಗೆ ಎರಡು ಕೈಯ ಬೆರಳು ಹೆಣೆದ ಹಾಗೆ ಒಂದರೊಳಗೊಂದು ಕೂತಿದ್ದವು. ಮೆತ್ತಗೆ ತಟ್ಟಿ ಬಿಡಿಸಿದರು, ಹಳೇ ಸರೇಸು ಕೆರೆದರು, ಹೊಸದು ಹಚ್ಚಿ ಹಗ್ಗ ಬಿಗಿದು ಒಂದು ರಾತ್ರಿ ಬಿಟ್ಟರು. ಡ್ರಾ ಓಡುವ ಹಳಿಗೆ ಮೇಣದಬತ್ತಿ ತಿಕ್ಕಿದರು. ಅಷ್ಟೇ ಕೆಲಸ. ಇವತ್ತಿಗೂ ಒಂದು ಬೆರಳಲ್ಲಿ ಎಳೆದರೆ ಬರುತ್ತದೆ. ಹೊಳಪಿಗಿಂತ, ಹಳೇತನಕ್ಕಿಂತ, ಹೀಗೆ ಬಿಚ್ಚಿ ಕೂಡಿಸಲು ಬರುವ ಗುಣಕ್ಕೇ ನಾನು ದುಡ್ಡು ಕೊಡುವುದು.

ಬೇಸರ ತಂದದ್ದು ಡೆಸ್ಕು. ಅದಕ್ಕೆ ಮಾರಿದವರು ಮೊದಲೇ ದಪ್ಪ ಹೊಳೆಯುವ ಲೇಪ ಕೊಟ್ಟಿದ್ದರು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಅದು ಸುಲಿಯತೊಡಗಿತು. ಕೆಳಗೆ ನೋಡಿದರೆ ಒಂದು ಬದಿಗೆ ಬಿಳಿ ಕಟ್ಟಿಗೆ, ಅದರಲ್ಲಿ ಸೂಜಿಮೊನೆಯಂಥ ಹುಳುವಿನ ತೂತು, ತೂತಿಗೆ ಕಟ್ಟಿಗೆ ಪುಡಿ ಮೆತ್ತಿ ಬಣ್ಣ ಬಳಿದಿದ್ದರು. ಫೋನ್ ಮಾಡಿದರೆ "ಹಳೇ ಸಾಮಾನಲ್ರೀ, ಇರ್ತೈತಿ" ಎಂದು ಇಟ್ಟುಬಿಟ್ಟರು. ತೂತು ಇದ್ದದ್ದಕ್ಕೆ ನನ್ನ ತಕರಾರಿಲ್ಲ, ಮುಚ್ಚಿಟ್ಟದ್ದಕ್ಕೆ ಇದೆ. ಸಾಗವಾನಿಯಲ್ಲಿ ಕಂದು ಬಣ್ಣದ ತಿರುಳಿಗೆ ಗೆದ್ದಲು, ಹುಳು ಸುಲಭಕ್ಕೆ ಹತ್ತುವುದಿಲ್ಲ, ತೊಗಟೆ ಪಕ್ಕದ ಬಿಳಿ ಭಾಗಕ್ಕೆ ಹತ್ತುತ್ತದೆ. ಆ ಬಿಳಿ ಭಾಗ ಎಲ್ಲಿದೆ ಎಂದು ಕೊಳ್ಳುವವರಿಗೆ ಕಾಣಬೇಕು. ನಮ್ಮ ಬಡಿಗೇರರು ಲೇಪ ಪೂರ್ತಿ ಕೆರೆದು ತೆಗೆದು, ತೂತಿಗೆ ಸಿರಿಂಜಿನಲ್ಲಿ ಹುಳುವಿನ ಔಷಧ ಬಿಟ್ಟು, ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿದ ಪಾಲಿಶ್ ಮಾಡಿಕೊಟ್ಟರು. ಅದಾದ ಮೇಲೆ ಕೆಳಗೆ ಪುಡಿ ಉದುರಿಲ್ಲ. ಈಗ ಮಗಳು ನೆಲದ ಮೇಲೆ ಕೂತು ಅದರ ಮೇಲೇ ಓದುತ್ತಾಳೆ. ಮುಚ್ಚಳದ ಇಳಿಜಾರಿಗೆ ಕುತ್ತಿಗೆ ಬಗ್ಗಿಸುವುದು ಕಡಿಮೆ, ಪೆನ್ನು ಇಡುವ ತೋಡೂ ಇದೆ.

ಅರಗಿನ ಪಾಲಿಶ್‌ಗೆ ಅದರದೇ ತೊಂದರೆ ಇದೆ. ಬಿಸಿ ಚಹಾದ ಕಪ್ಪು ಇಟ್ಟರೆ ಬಿಳಿ ವೃತ್ತ ಬೀಳುತ್ತದೆ, ಸ್ಯಾನಿಟೈಸರ್ ಚೆಲ್ಲಿದರೆ ಕರಗುತ್ತದೆ. ಆದರೆ ಹಾಳಾದಷ್ಟೇ ಜಾಗಕ್ಕೆ ಮತ್ತೆ ಹಚ್ಚಬಹುದು. ಮೆಲಮೈನ್ ಅನ್ನುವ ಹೊಳೆಯುವ ರಾಸಾಯನಿಕ ಲೇಪಕ್ಕೆ ಹಾಗೆ ತೇಪೆ ಹಾಕಿದರೆ ಎದ್ದು ಕಾಣುತ್ತದೆ, ಕೊನೆಗೆ ಪೂರ್ತಿ ಕೆರೆಯಬೇಕಾಗುತ್ತದೆ. ಅಡುಗೆ ಎಣ್ಣೆ ಮಾತ್ರ ಯಾರು ಹೇಳಿದರೂ ತಿಕ್ಕಬೇಡಿ, ನಮ್ಮೂರ ಧೂಳು ಅದಕ್ಕೇ ಅಂಟಿ ಜಿಡ್ಡಾಗುತ್ತದೆ. ಕೆಲವರು ಕಾಯಿಸಿದ ಅಗಸಿ ಎಣ್ಣೆ ಹಚ್ಚುತ್ತಾರೆ, ಅದು ಒಣಗಿ ಗಟ್ಟಿಯಾಗುವ ಎಣ್ಣೆ, ಒಳ್ಳೆಯದೇ. ಆದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿ ಬೆಂಕಿ ಹತ್ತಬಹುದು. ಹೊರಗೆ ಹರವಿ ಒಣಗಿಸಿ.

ಕುರ್ಚಿ ನಮ್ಮ ಅತ್ತೆಯವರದು. ಮಧ್ಯಾಹ್ನ ಊಟ ಆದ ಮೇಲೆ ಅದರಲ್ಲಿ ಒರಗಿದರೆ ಬೇರೆ ಯಾರೂ ಆ ಕಡೆ ಸುಳಿಯುವುದಿಲ್ಲ. ಬೆತ್ತದ ತೂತಿನಿಂದ ಗಾಳಿ ಆಡುವುದರಿಂದ ಬೆನ್ನು ಬೆವರುವುದಿಲ್ಲ, ನಮ್ಮೂರಿಗೆ ಇದಕ್ಕಿಂತ ಹೊಂದುವ ಆಸನ ನಾನು ನೋಡಿಲ್ಲ. ಬೆತ್ತ ಜೋತು ಬಿದ್ದರೆ ಕುರ್ಚಿ ಬೋರಲು ಹಾಕಿ ಅಡಿಭಾಗಕ್ಕೆ ಒದ್ದೆ ಬಟ್ಟೆ ಒತ್ತಿ, ನೆರಳಿನಲ್ಲಿ ಒಣಗಲು ಬಿಡುತ್ತೇವೆ, ಬಿಗಿಯಾಗುತ್ತದೆ. ಬೇಸಿಗೆಯಲ್ಲಿ ಇದನ್ನು ತಪ್ಪಿಸಿದರೆ ಬೆತ್ತ ಬಿರುಸಾಗಿ ಪಟ್ಟನೆ ಮುರಿಯುತ್ತದೆ. ಬೆತ್ತ ಹೆಣೆಯುವ ಕೈಗಳು ಊರಲ್ಲಿ ಕಡಿಮೆಯಾಗಿವೆ. ಒಮ್ಮೆ ಆಸನ ಹೊಸದಾಗಿ ಹೆಣೆಸಲು ಅರ್ಧ ಬೇಸಿಗೆ ಕಾಯಬೇಕಾಯಿತು, ಅತ್ತೆಯವರು ಅಷ್ಟೂ ದಿನ ಸಿಡಿಮಿಡಿ.

ಎಲ್ಲಿ ಇಡುತ್ತೀರಿ ಅನ್ನುವುದೂ ಮುಖ್ಯ. ಕೂಲರ್ ಎದುರಿಗೆ ಬೇಡವೇ ಬೇಡ. ಹಗಲು ತೇವದ ಗಾಳಿ, ಕೂಲರ್ ಬಂದಾದ ಮೇಲೆ ಒಣ ಬಿಸಿ ಎಂದರೆ ಯಾವ ಕಟ್ಟಿಗೆಯೂ ತಡೆಯದು. ಗೋಡೆಯಿಂದ ನಾಲ್ಕು ಬೆರಳು ದೂರ ಇಟ್ಟರೆ ಹಿಂದೆ ಗೆದ್ದಲು ಏರಿದರೆ ಕಾಣುತ್ತದೆ. ಕಾಲಿನ ಕೆಳಗೆ ರಬ್ಬರ್ ಬಿಲ್ಲೆ ಕೊಟ್ಟಿದ್ದೇವೆ, ಫರ್ಸಿ ತೊಳೆದ ನೀರು ತಾಗುವುದಿಲ್ಲ.

ಇಲ್ಲಿನದನ್ನೇ ಕೊಳ್ಳಿ ಎಂದೂ ಹೇಳುತ್ತೇನೆ. ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಕಣ್ಣು ಕುಕ್ಕುವಂಥ ಸಾಮಾನಿದೆ, ಆದರೆ ಕಡಲ ಗಾಳಿಗೆ ಒಗ್ಗಿದ ಕಟ್ಟಿಗೆ ಇಲ್ಲಿ ಬಂದು ಒಣಗುವಾಗ ಸೀಳುವ ಅಪಾಯ ಇದೆ. ಅಂಗಡಿಯಲ್ಲಿ ಎಲ್ಲಕ್ಕೂ "ಆಂಟಿಕ್" ಅನ್ನುತ್ತಾರೆ. ಪ್ರಾಚೀನ ವಸ್ತುಗಳ ಬಗೆಗಿನ 1972ರ ಕಾಯ್ದೆ ಪ್ರಕಾರ ಹಾಗೆನ್ನಬೇಕಾದರೆ ಸಾಮಾನ್ಯವಾಗಿ 100 ವರ್ಷ ಆಗಿರಬೇಕು. ದಿನಬಳಕೆಗೆ ಅಷ್ಟು ಹಳೆಯದು ಬೇಕಿಲ್ಲ, ಅರವತ್ತು ಎಪ್ಪತ್ತು ವರ್ಷದ ಗಟ್ಟಿ ಸಾಮಾನು ಸಾಕು. ಗುಡಿಯದ್ದು, ತೇರಿನದ್ದು ಎಂದು ಕೆತ್ತನೆ ತೋರಿಸಿದರೆ ಕೈ ಮುಗಿದು ಬಂದುಬಿಡಿ, ಅದು ಮನೆಯಲ್ಲಿ ಇರುವಂಥದ್ದಲ್ಲ.

ಕೊಳ್ಳುವಾಗ ಡ್ರಾ ಪೂರ್ತಿ ಹೊರಗೆ ಎಳೆದು ಹಿಂಬದಿ, ಅಡಿಭಾಗ ನೋಡಿ. ಮುಂದೆ ಸವೆದು ಹಿಂದೆ ಹೊಸದಾಗಿ ಕಂಡರೆ, ಕೈ ತಾಗದ ಜಾಗದಲ್ಲೂ ಗೀರು ಇದ್ದರೆ, ಅದು ಹಳೇದರಂತೆ ಕಾಣಲೆಂದು ಮಾಡಿದ್ದಿರಬಹುದು. ಬಾಡಿಗೆ ಮನೆಯಲ್ಲಿದ್ದು ಮೇಲಿಂದ ಮೇಲೆ ಮನೆ ಬದಲಿಸುವವರಿಗೆ ಅಲಮಾರಿ ಕಷ್ಟ, ನಮ್ಮದನ್ನು ಎತ್ತಲು ನಾಲ್ಕು ಜನ ಬೇಕು. ಡೆಸ್ಕು, ಕುರ್ಚಿಯಾದರೆ ಚಿಂತೆಯಿಲ್ಲ. ಅಲಮಾರಿಯೇ ಬೇಕೆಂದರೆ ತಲೆಯ ಪಟ್ಟಿ, ಬಾಗಿಲು, ಕಾಲು ಬೇರೆ ಬೇರೆ ಬಿಚ್ಚುತ್ತವೆಯೇ ಎಂದು ಕೇಳಿ, ನಿಮ್ಮ ಮೆಟ್ಟಿಲಿನ ತಿರುವನ್ನು ಅಳೆದುಕೊಂಡು ಹೋಗಿ.